ಮಗುವಿನ ಮೋರೆ ಬೀಗಿದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿರಿ

ಬೆಳಗ್ಗೆ ಎದ್ದ ಮಗುವಿನ ಕಣ್ಣರೆಪ್ಪೆಗಳು ಬೀಗಿವೆ. ಸಂಜೆಯಾಗುವಷ್ಟರಲ್ಲಿ ಮೋರೆ ಸರಿಯಾಗುತ್ತದೆ. ಆದರೆ ಕಾಲಿನ ಮಣಿಗಂಟಿನ ಬಳಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಮರುದಿನ ಬೆಳಗ್ಗೆ ಮತ್ತೆ ಅದೇ. ಮನೆಯವರು ಮೊದಲು ಸೊಳ್ಳೆಯನ್ನು ದೂರುತ್ತಾರೆ. ಬಳಿಕ ಅಲರ್ಜಿ ಎನ್ನುತ್ತಾರೆ. ಮಗು ಈಗ ಸ್ವಲ್ಪ ಮೈತುಂಬಿಕೊಂಡಿದೆ ಎಂದು ಸಂತೋಷಪಡುವವರೂ ಉಂಟು. ಹೀಗೆ ಹತ್ತು ದಿನ ಕಳೆಯುವಾಗ ಹೊಟ್ಟೆ ಉಬ್ಬಿ, ಚಡ್ಡಿ ಬಿಗಿಯಾಗಿ, ಮೂತ್ರ ಕಡಿಮೆಯಾಗಿ, ಆಗ ಆಸ್ಪತ್ರೆಯ ನೆನಪಾಗುತ್ತದೆ.

ನಾವು ಶಿಕ್ಷಕರು, ವೈದ್ಯರಲ್ಲ. ಮದ್ದು ಬರೆದುಕೊಡುವ ಅಧಿಕಾರವಾಗಲಿ ಅರ್ಹತೆಯಾಗಲಿ ನಮಗಿಲ್ಲ. ಆದರೆ ಮನೆಯವರನ್ನು ಬಿಟ್ಟರೆ ಮಕ್ಕಳ ಮೋರೆಯನ್ನು ದಿನದಲ್ಲಿ ಹೆಚ್ಚು ಹೊತ್ತು ನೋಡುವವರು ನಾವೇ ಆದುದರಿಂದ, ಈ ವಿಷಯದಲ್ಲಿ ಎರಡು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಮಕ್ಕಳ ಮೂತ್ರಪಿಂಡದ ಕಾಯಿಲೆಗಳಲ್ಲಿ ಹೆಚ್ಚಿನವು ಅತಿ ಕಡಿಮೆ ಖರ್ಚಿನ ಒಂದು ಮೂತ್ರ ಪರೀಕ್ಷೆಯಿಂದಲೇ ತಮ್ಮ ಸುಳಿವನ್ನು ಬಿಟ್ಟುಕೊಡುತ್ತವೆ. ಹೊತ್ತಿಗೆ ಸರಿಯಾಗಿ ಗುರುತಿಸಿ, ಹೇಳಿದಷ್ಟು ದಿನ ಮದ್ದು ಕೊಟ್ಟರೆ ಬಹುಪಾಲು ಮಕ್ಕಳು ಗುಣ ಹೊಂದುತ್ತಾರೆ. ಉಗುರಿನಲ್ಲಿ ಚಿವುಟಬಹುದಾದುದಕ್ಕೆ ಕೊಡಲಿ ಎತ್ತುವ ಸ್ಥಿತಿ ಬರಬಾರದು. ಈ ಲೇಖನದ ತಾತ್ಪರ್ಯ ಇಷ್ಟೇ.

ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರವನ್ನು 2006ರಿಂದ ವಿಶ್ವ ಮೂತ್ರಪಿಂಡ ದಿನವೆಂದು ಆಚರಿಸಲಾಗುತ್ತಿದೆ. 2016ರಲ್ಲಿ ಆ ದಿನದ ವಿಷಯವೇ ಮಕ್ಕಳ ಮೂತ್ರಪಿಂಡದ ಕಾಯಿಲೆ ಮತ್ತು ಅದನ್ನು ಬೇಗನೆ ತಡೆಯುವುದು ಎಂಬುದಾಗಿತ್ತು. ಆದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರಿಗೆ ಮಾತ್ರ ಬರುವ ರೋಗವಿದು ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಹೋಗಿಲ್ಲ.

ಹೆಸರು ಮೂರು, ಅಂಗ ಒಂದೇ

ಹಳೆಯ ಪಾಠಪುಸ್ತಕಗಳಲ್ಲಿ ಇದಕ್ಕೆ ಮೂತ್ರಜನಕಾಂಗವೆಂದು ಹೆಸರು. ಈಗ ಮೂತ್ರಪಿಂಡ ಎನ್ನುತ್ತೇವೆ. ಮಲೆಯಾಳದಲ್ಲಿ ವೃಕ್ಕ. ಪೇಟೆಯಲ್ಲೂ ಹಳ್ಳಿಯಲ್ಲೂ ಎಲ್ಲರ ಬಾಯಲ್ಲಿ ಬರುವುದು ಕಿಡ್ನಿ. ಆಸ್ಪತ್ರೆಯಲ್ಲಿ ಯಾವ ಹೆಸರು ಕೇಳಿದರೂ ಗಾಬರಿಯಾಗಬೇಕಿಲ್ಲ, ಎಲ್ಲವೂ ಒಂದೇ.

ಬೆನ್ನೆಲುಬಿನ ಎರಡು ಬದಿಗಳಲ್ಲಿ, ಪಕ್ಕೆಲುಬುಗಳ ಕೆಳಭಾಗದಲ್ಲಿ ಅವರೆಕಾಳಿನ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳು. ಬೆಳೆದ ಮನುಷ್ಯನಲ್ಲಿ ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಸೇರಿಸಿ, ಬೇಡವಾದ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ರಕ್ತಕಣಗಳ ಉತ್ಪತ್ತಿಗೆ ಪ್ರಚೋದನೆ ಕೊಡುವುದು, ಎಲುಬಿಗೆ ಬೇಕಾದ ‘ಡಿ’ ಜೀವಸತ್ವವನ್ನು ಕೆಲಸಕ್ಕೆ ಬರುವಂತೆ ಮಾಡುವುದು ಇವೂ ಅವುಗಳದೇ ಕೆಲಸ. ಆದುದರಿಂದಲೇ ಮೂತ್ರಪಿಂಡ ಕೆಟ್ಟ ಮಗು ಬರಿದೆ ಬೀಗುವುದಲ್ಲ. ಬಿಳಿಚಿಕೊಳ್ಳುತ್ತದೆ, ಎತ್ತರವಾಗುವುದು ನಿಲ್ಲುತ್ತದೆ, ಕಾಲೆಲುಬು ಬಾಗುತ್ತದೆ.

ಇನ್ನೊಂದು ಸಂಗತಿ ಗಮನಾರ್ಹ. ಈ ಸೋಸುಕಗಳ ಸಂಖ್ಯೆ ಮಗು ಗರ್ಭದಲ್ಲಿರುವಾಗಲೇ ನಿಶ್ಚಯವಾಗಿಬಿಡುತ್ತದೆ. ದಿನ ತುಂಬಿ ಹುಟ್ಟಿದ ಮಗುವಿಗೆ ಆಮೇಲೆ ಒಂದೇ ಒಂದು ಹೊಸ ಸೋಸುಕವೂ ಬೆಳೆಯುವುದಿಲ್ಲ. ಇದ್ದುದನ್ನು ಉಳಿಸಿಕೊಂಡು ಎಪ್ಪತ್ತು ಎಂಬತ್ತು ವರ್ಷ ಬಾಳಬೇಕು. ಬಾಲ್ಯದ ಕಾಯಿಲೆಯನ್ನು ಅಲಕ್ಷಿಸಬಾರದೆನ್ನಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಜರಡಿಯ ಕಣ್ಣು ಹಿಗ್ಗಿದಾಗ

ಮೋರೆ ಬೀಗುವುದಕ್ಕೆ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳಲ್ಲೊಂದು ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಾಯಿಲೆ. ಎರಡರಿಂದ ಆರು ವರ್ಷದ ಒಳಗಿನ ಮಕ್ಕಳಿಗೆ ಹೆಚ್ಚಾಗಿ ಬರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು.

ಕಾಳು ಗಾಳಿಸುವ ಜರಡಿಯ ಕಣ್ಣು ಹಿಗ್ಗಿದರೆ ಧೂಳಿನೊಡನೆ ಕಾಳೂ ಕೆಳಗೆ ಬೀಳುವುದಷ್ಟೆ. ಈ ರೋಗದಲ್ಲಿ ಆಗುವುದೂ ಅದೇ. ರಕ್ತದಲ್ಲಿರಬೇಕಾದ ಆಲ್ಬುಮಿನ್ ಎಂಬ ಸಸಾರಜನಕವು ಮೂತ್ರದಲ್ಲಿ ಸೋರಿಹೋಗುತ್ತದೆ. ರಕ್ತದ ನೀರನ್ನು ನಾಳಗಳ ಒಳಗೆ ಹಿಡಿದಿಡುವುದು ಈ ಆಲ್ಬುಮಿನ್. ಅದು ಕಡಿಮೆಯಾದಾಗ ನೀರು ನಾಳದಿಂದ ಹೊರಬಂದು ಮೈಯ ಸಡಿಲು ಭಾಗಗಳಲ್ಲಿ ನಿಲ್ಲುತ್ತದೆ. ರಾತ್ರಿ ಮಲಗಿದಾಗ ಕಣ್ಣಿನ ಸುತ್ತ, ಹಗಲು ನಡೆದಾಡಿದಾಗ ಕಾಲಿನಲ್ಲಿ. ಬೆಳಗ್ಗೆ ಮೋರೆ, ಸಂಜೆ ಕಾಲು ಬೀಗುವುದರ ಮರ್ಮ ಇದೇ. ಮೂತ್ರದಲ್ಲಿ ಬೇಗನೆ ಆರದ ನೊರೆ ಕಾಣುವುದೂ ಇದರಿಂದಲೇ.

ಬಾವು ಮತ್ತು ಮೂತ್ರ ಇವೆರಡಕ್ಕೂ ಇರುವ ಈ ಸಂಬಂಧವನ್ನು 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಲೋಕಕ್ಕೆ ತಿಳಿಸಿದರು. ಮೈ ಬೀಗಿದ ರೋಗಿಗಳ ಮೂತ್ರವನ್ನು ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಗರಣೆಗಟ್ಟುವುದನ್ನು ಅವರು ಕಂಡರು. ಕಾಯಿಲೆಯ ಗುರುತು ಸಿಕ್ಕಿತಾದರೂ ಮದ್ದು ಸಿಕ್ಕಿದ್ದು ನೂರು ವರ್ಷಗಳಿಗೂ ಮಿಕ್ಕ ಮೇಲೆ. 1940ರ ದಶಕದಲ್ಲಿ ಪೆನಿಸಿಲಿನ್ ಬಂತು, 1950ರ ದಶಕದಲ್ಲಿ ಸ್ಟೀರಾಯ್ಡ್ ಬಂತು. ಅದಕ್ಕೆ ಮೊದಲು ಈ ರೋಗ ಬಂದ ಮಕ್ಕಳಲ್ಲಿ ಬಹಳ ಮಂದಿ ಸೋಂಕು ತಗಲಿ ತೀರಿಹೋಗುತ್ತಿದ್ದರು. ನಮ್ಮ ಅಜ್ಜಿಯಂದಿರು ನೀರು ತುಂಬಿದ ಮಗು ಎಂದರೆ ಕೈ ಚೆಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಆ ಕಾಲ ಈಗ ಹೋಗಿದೆ ಎಂಬುದನ್ನು ಅರಿಯಬೇಕು.

ಪರೀಕ್ಷೆ ಹೇಗೆ?

ಬೆಳಗಿನ ಮೊದಲ ಮೂತ್ರವನ್ನು ಶುಚಿಯಾದ ಬಾಟಲಿಯಲ್ಲಿ ಹಿಡಿದು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರಕ್ಕೋ ಪ್ರಯೋಗಾಲಯಕ್ಕೋ ಕೊಂಡೊಯ್ದರಾಯಿತು. ಔಷಧಿ ಸವರಿದ ಒಂದು ಕಾಗದದ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಅದರ ಬಣ್ಣವನ್ನು ಡಬ್ಬಿಯ ಮೇಲಿರುವ ಬಣ್ಣಗಳೊಡನೆ ಹೋಲಿಸುತ್ತಾರೆ. ಸಸಾರಜನಕವಿಲ್ಲದಿದ್ದರೆ ನಿಲ್, ಅತ್ಯಲ್ಪವಿದ್ದರೆ ಟ್ರೇಸ್, ಹೆಚ್ಚಿದ್ದಂತೆ 1+, 2+, 3+, 4+ ಎಂದು ಬರೆಯುತ್ತಾರೆ. ಮೂರು ಅಥವಾ ನಾಲ್ಕು ಪ್ಲಸ್ ಬಂದಿತೆಂದರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಬೇಕು.

ಪಟ್ಟಿ ಸಿಗದ ಕಡೆ ಹಳೆಯ ಕ್ರಮವೂ ಉಂಟು. ಗಾಜಿನ ಪ್ರನಾಳದ ಮುಕ್ಕಾಲು ಭಾಗ ಮೂತ್ರ ಹಾಕಿ ಮೇಲ್ಭಾಗವನ್ನಷ್ಟೇ ಜ್ವಾಲೆಗೆ ಹಿಡಿದು ಕುದಿಸಿದಾಗ ಅಲ್ಲಿ ಬಿಳಿ ಮಬ್ಬು ಕಾಣುತ್ತದೆ. ಅದಕ್ಕೆ ನಾಲ್ಕು ತೊಟ್ಟು ದುರ್ಬಲ ಅಸೆಟಿಕ್ ಆಮ್ಲ ಹಾಕಿದ ಮೇಲೂ ಮಬ್ಬು ಉಳಿದರೆ ಅದು ಸಸಾರಜನಕ. ಕರಗಿಹೋದರೆ ಬರಿಯ ಲವಣ. ಕೆಳಭಾಗದ ತಿಳಿ ಮೂತ್ರದೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಮೊಟ್ಟೆ ಬೇಯಿಸಿದಾಗ ಬಿಳಿ ಗಟ್ಟಿಯಾಗುವ ವಿದ್ಯಮಾನವೇ ಇಲ್ಲಿಯೂ ನಡೆಯುವುದು.

ಇದರ ಬಳಿಕ ವೈದ್ಯರು ರಕ್ತದಲ್ಲಿ ಆಲ್ಬುಮಿನ್, ಕೊಲೆಸ್ಟರಾಲ್, ಕ್ರಿಯಾಟಿನಿನ್ ಎಷ್ಟಿದೆ ಎಂದು ನೋಡುತ್ತಾರೆ; ರಕ್ತದೊತ್ತಡ ಅಳೆಯುತ್ತಾರೆ. ಸಾಮಾನ್ಯ ರೂಪದ ಕಾಯಿಲೆಯಾದರೆ ಆರಂಭದಲ್ಲಿ ಮೂತ್ರಪಿಂಡದ ಚೂರು ತೆಗೆದು ನೋಡುವ ಬಯಾಪ್ಸಿ ಬೇಕಾಗುವುದಿಲ್ಲ. ಮಗುವಿಗೆ ಒಂದು ವರ್ಷ ತುಂಬುವ ಮೊದಲೇ ರೋಗ ಬಂದಿದ್ದರೆ, ಮೂತ್ರದಲ್ಲಿ ಕಣ್ಣಿಗೆ ಕಾಣುವಂತೆ ರಕ್ತವಿದ್ದರೆ, ಮದ್ದಿಗೆ ಬಗ್ಗದಿದ್ದರೆ ಅದನ್ನು ಮಾಡಿಸಲು ಹೇಳುವುದುಂಟು. ಬೆನ್ನಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡಿಕೊಂಡು, ಸೂಜಿಯಿಂದ ಎಳೆಯಂತಹ ಚೂರು ತೆಗೆಯುವ ಕ್ರಮವದು. ಮೂತ್ರಪಿಂಡವನ್ನೇ ತೆಗೆಯುತ್ತಾರೆಂದು ಹೆದರಿ ಮಗುವನ್ನು ಎತ್ತಿಕೊಂಡು ಮನೆಗೆ ಬರುವುದು ಸರಿಯಲ್ಲ.

ಹನ್ನೆರಡು ವಾರದ ಮದ್ದು

ಈ ಕಾಯಿಲೆಗೆ ಮೊದಲು ಕೊಡುವ ಮದ್ದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಭಾರತದ ಮಕ್ಕಳ ಮೂತ್ರಪಿಂಡ ತಜ್ಞರ ಸಂಘವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಮೊದಲ ಸಲ ರೋಗ ಬಂದಾಗ ಆರು ವಾರ ದಿನಂಪ್ರತಿ, ಅನಂತರ ಪ್ರಮಾಣ ತಗ್ಗಿಸಿ ಆರು ವಾರ ದಿನಬಿಟ್ಟು ದಿನ, ಹೀಗೆ ಒಟ್ಟು ಹನ್ನೆರಡು ವಾರ ಕೊಡಬೇಕು. ಮಗುವಿನ ತೂಕ ನೋಡಿ ಪ್ರಮಾಣ ನಿಶ್ಚಯಿಸುವುದು ವೈದ್ಯರ ಕೆಲಸ. ಬೆಳಗಿನ ತಿಂಡಿಯ ಬಳಿಕ ಕೊಡುವುದು ವಾಡಿಕೆ. ನೂರರಲ್ಲಿ 80ಕ್ಕಿಂತ ಹೆಚ್ಚು ಮಕ್ಕಳಿಗೆ ಈ ಮದ್ದು ನಾಟುತ್ತದೆ. ಹೆಚ್ಚಿನವರಲ್ಲಿ ಎರಡು ಮೂರು ವಾರದೊಳಗೆ ಮೂತ್ರದ ಸಸಾರಜನಕ ನಿಂತು ಬಾವು ಇಳಿಯುತ್ತದೆ.

ಅಪಾಯವಿರುವುದು ಇಲ್ಲಿಯೇ. ಬಾವು ಇಳಿಯಿತು, ಮಗು ಆಡತೊಡಗಿತು, ಇನ್ನೇಕೆ ಮಾತ್ರೆ ಎಂಬ ಪ್ರಶ್ನೆ ಏಳುತ್ತದೆ. ನೆರೆಮನೆಯವರು ಬಂದು ಸ್ಟೀರಾಯ್ಡ್ ಎಂದರೆ ವಿಷ, ನಿಲ್ಲಿಸಿಬಿಡಿ ಎನ್ನುತ್ತಾರೆ. ಸ್ಟೀರಾಯ್ಡಿಗೆ ದೋಷಗಳಿಲ್ಲವೆಂದು ಯಾರೂ ಹೇಳುವುದಿಲ್ಲ. ಮೋರೆ ಚಂದ್ರನಂತೆ ದುಂಡಗಾಗುತ್ತದೆ, ಹಸಿವು ವಿಪರೀತವಾಗುತ್ತದೆ, ರಕ್ತದೊತ್ತಡ ಏರಬಹುದು, ಬಹುಕಾಲ ಕೊಟ್ಟರೆ ಎತ್ತರ ಕುಂಠಿತವಾಗಬಹುದು, ಕಣ್ಣಿನಲ್ಲಿ ಪೊರೆ ಬರಬಹುದು. ಇವನ್ನೆಲ್ಲ ಬಲ್ಲ ವೈದ್ಯರೇ ಕಾಲಕಾಲಕ್ಕೆ ಪರೀಕ್ಷಿಸಿ ಪ್ರಮಾಣ ಇಳಿಸುತ್ತಾರೆ. ಆದರೆ ಮನೆಯವರು ತಾವಾಗಿ ಥಟ್ಟನೆ ನಿಲ್ಲಿಸುವುದು ಅತ್ಯಂತ ಅಪಾಯಕರ. ಶರೀರ ತಾನೇ ತಯಾರಿಸುವ ಸ್ಟೀರಾಯ್ಡ್ ಆ ವೇಳೆಗೆ ಕುಗ್ಗಿರುತ್ತದೆ. ಹೊರಗಿನದೂ ನಿಂತರೆ ಒಂದು ಸಣ್ಣ ಜ್ವರಕ್ಕೂ ಮಗು ಕುಸಿದು ಬೀಳಬಹುದು. ಯಾರೋ ಹೇಳಿದ ಕಷಾಯವನ್ನು ನಂಬಿ ಮಾತ್ರೆಯನ್ನು ಮೂಲೆಗಿಡುವುದೂ ಇದೇ ಸಾಲಿಗೆ ಸೇರಿದ್ದು.

ಮದ್ದು ಆರು ವಾರ ಕೊಟ್ಟರೂ ಗುಣ ಕಾಣದ, ಅಥವಾ ಮೇಲಿಂದ ಮೇಲೆ ಮರುಕಳಿಸುವ ಮಕ್ಕಳೂ ಇದ್ದಾರೆ. ಅವರಿಗಾಗಿ ಲೆವಮಿಸೋಲ್, ಮೈಕೊಫಿನೊಲೇಟ್, ಸೈಕ್ಲೋಫಾಸ್ಫಮೈಡ್, ಟಾಕ್ರೊಲಿಮಸ್, ರಿಟುಕ್ಸಿಮಾಬ್ ಮೊದಲಾದ ಬೇರೆ ಮದ್ದುಗಳಿವೆ. ಇವನ್ನು ಮಕ್ಕಳ ಮೂತ್ರಪಿಂಡ ತಜ್ಞರೇ ಕೊಡಬೇಕು.

ಮನೆಯಲ್ಲೊಂದು ಪುಸ್ತಕ

ಈ ರೋಗದ ಸ್ವಭಾವವೇ ಮರುಕಳಿಸುವುದು. ಹೆಚ್ಚಿನ ಮಕ್ಕಳಿಗೆ ಒಮ್ಮೆಯಾದರೂ ತಿರುಗಿ ಬರುತ್ತದೆ. ನೆಗಡಿ, ಕೆಮ್ಮು ಬಂದಾಗ ವಿಶೇಷವಾಗಿ. ಆದರೂ ಹದಿಹರೆಯ ದಾಟುವಾಗ ಬಹುಪಾಲು ಮಕ್ಕಳು ಇದರಿಂದ ಬಿಡುಗಡೆ ಹೊಂದುತ್ತಾರೆ. ಅಲ್ಲಿಯ ತನಕ ಕಾಯುವುದು ಮನೆಯವರ ಕೆಲಸ. ಬೆಳಗಿನ ಮೂತ್ರವನ್ನು ಮನೆಯಲ್ಲೇ ಪಟ್ಟಿಯಿಂದ ಪರೀಕ್ಷಿಸಿ ಬರೆದಿಟ್ಟರೆ, ಮೋರೆ ಬೀಗುವುದಕ್ಕೆ ಎಷ್ಟೋ ದಿನ ಮೊದಲೇ ರೋಗ ಮರಳಿದ್ದು ತಿಳಿಯುತ್ತದೆ. ಸತತ ಮೂರು ದಿನ 3+ ಅಥವಾ 4+ ಬಂದರೆ ಮರುಕಳಿಸಿದೆಯೆಂದೂ, ಸತತ ಮೂರು ದಿನ ನಿಲ್ ಅಥವಾ ಟ್ರೇಸ್ ಬಂದರೆ ಹತೋಟಿಗೆ ಬಂದಿದೆಯೆಂದೂ ಲೆಕ್ಕ.

ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಅವಳ ತಮ್ಮನಿಗೆ ಐದು ವರ್ಷ. ಈ ಕಾಯಿಲೆ ಎರಡನೆಯ ಸಲ ಬಂದಿತ್ತು. ಮೊದಲ ಸಲ ಬಾವು ಇಳಿದ ಕೂಡಲೇ ಮಾತ್ರೆ ನಿಂತಿತ್ತು. “ಪುಳ್ಳಿ ಚುರುಕಾದನಲ್ಲ, ಇನ್ನು ಆ ಕಹಿ ಮಾತ್ರೆ ಯಾಕೆ?” ಎಂದು ಅಜ್ಜಿ ಪ್ರೀತಿಯಿಂದಲೇ ಕೇಳಿದ್ದರು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ದಾದಿಯ ವಿವರಣೆ ಮಲೆಯಾಳದಲ್ಲಿ, ತಾಯಿಗೆ ಬರುತ್ತಿದ್ದುದು ಕನ್ನಡ ಮತ್ತು ತುಳು. ‘ಒನ್ನಿಡವಿಟ್ಟ ದಿವಸಂ’ ಎಂದರೆ ದಿನಬಿಟ್ಟು ದಿನ ಎಂಬುದು ತಾಯಿಗೆ ತಿಳಿದಿರಲಿಲ್ಲ. ನಾಚಿಕೆಯಿಂದ ತಿರುಗಿ ಕೇಳಲೂ ಇಲ್ಲ.

ಎರಡನೆಯ ಸಲ ಅಕ್ಕನೇ ತಾಯಿಯ ಜತೆ ಹೋದಳು. ವೈದ್ಯರು ಹೇಳಿದ್ದನ್ನು ಕೇಳಿಕೊಂಡು ಬಂದು, ನೂರು ಪುಟದ ಒಂದು ನೋಟುಪುಸ್ತಕಕ್ಕೆ ಗೆರೆ ಹಾಕಿದಳು. ತಾರೀಕು, ಬೆಳಗಿನ ಮೂತ್ರ, ತೂಕ, ಕೊಟ್ಟ ಮಾತ್ರೆ, ಜ್ವರ ಕೆಮ್ಮು ಇದ್ದರೆ ಅದು ಎಂದು ಐದು ಕಾಲಮು. ಮೂತ್ರ ತಿಳಿಯಿದ್ದ ದಿನ ಸೊನ್ನೆ, ಇಲ್ಲದ ದಿನ ಪ್ಲಸ್ಸು. ಅಜ್ಜಿಗೆ ಅಕ್ಷರ ಬಾರದಿದ್ದರೂ ಸೊನ್ನೆ ಮತ್ತು ಪ್ಲಸ್ಸು ತಿಳಿಯುತ್ತಿತ್ತು. ಹನ್ನೆರಡು ವಾರದ ಕೊನೆಯ ಮಾತ್ರೆ ಕೊಟ್ಟ ದಿನವನ್ನು ಅವಳು ಕೆಂಪು ಶಾಯಿಯಲ್ಲಿ ಬರೆದಿದ್ದಳು. ಆ ಪುಸ್ತಕವನ್ನು ನೋಡಿದ ವೈದ್ಯರು, ಕನ್ನಡ ಓದಲು ಬಾರದಿದ್ದರೂ, ಅಂಕಿಗಳನ್ನು ನೋಡಿಯೇ ಮುಂದಿನ ಮದ್ದು ನಿಶ್ಚಯಿಸಿದರಂತೆ. ಕಲಿತ ಅಕ್ಷರ ಮನೆಗೆ ಉಪಕಾರಕ್ಕೆ ಬರುವುದೆಂದರೆ ಹೀಗೆ.

ಕೆಲವು ಲಕ್ಷಣಗಳನ್ನು ಕಂಡರೆ ಪುಸ್ತಕ ನೋಡುತ್ತ ಕೂರಬಾರದು. ಮೈ ಬೀಗಿರುವಾಗ ಜ್ವರದೊಡನೆ ಹೊಟ್ಟೆನೋವು, ನಿಲ್ಲದ ವಾಂತಿ, ಉಸಿರಾಟದ ಕಷ್ಟ, ಒಂದೇ ಕಾಲು ನೋವಿನಿಂದ ಬೀಗುವುದು, ಬಲವಾದ ತಲೆನೋವು ಅಥವಾ ಸೆಳೆತ, ಇವು ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಬೇಕು. ಮಾತ್ರೆ ತಿನ್ನುತ್ತಿರುವ ಮಗು ಸೀತಾಳೆ ಸಿಡುಬು ಬಂದವರ ಹತ್ತಿರ ಹೋಗಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಲಸಿಕೆ ಹಾಕಿಸುವಾಗಲೂ ಸ್ಟೀರಾಯ್ಡ್ ಕೊಡುತ್ತಿರುವ ಸಂಗತಿ ಹೇಳಬೇಕು.

ಊಟದ ವಿಚಾರ

ಬಾವು ಇರುವಷ್ಟು ದಿನ ಉಪ್ಪು ಕಡಿಮೆ ಮಾಡಬೇಕು. ಅನ್ನ, ಸಾರಿಗೆ ಹಾಕುವ ಉಪ್ಪಿಗಿಂತ ನಮ್ಮ ಕಡೆಯ ಗಂಜಿ ಊಟದ ಬದಿಗಿಡುವ ವಸ್ತುಗಳಲ್ಲಿಯೇ ಹೆಚ್ಚು ಉಪ್ಪಿರುವುದು. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಸೊಳೆ, ಉಪ್ಪುನೀರಿನ ಮಾವಿನಕಾಯಿ, ಒಣಮೀನು, ಬೇಕರಿಯ ಮಿಕ್ಸ್ಚರು, ಚಿಪ್ಸು ಇವನ್ನು ಕಣ್ಣೆದುರು ಇಡದಿರುವುದೇ ಲೇಸು. ಸಸಾರಜನಕ ಸೋರುತ್ತದೆಂದು ರಾಶಿ ರಾಶಿ ಮೊಟ್ಟೆ ತಿನ್ನಿಸಬೇಕಿಲ್ಲ. ವಯಸ್ಸಿಗೆ ತಕ್ಕ ಸಾಮಾನ್ಯ ಊಟ ಸಾಕು.

ಮೂತ್ರಪಿಂಡ ನಿಜವಾಗಿ ದುರ್ಬಲವಾಗಿರುವ ಮಕ್ಕಳ ಮಾತು ಬೇರೆ. ಅವರಿಗೆ ಎಳನೀರು, ಬಾಳೆಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೆ ತೊಂದರೆ ಮಾಡಬಹುದು. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು ಕೊಂಡೊಯ್ಯುವುದು ಪದ್ಧತಿ. ಇಂತಹ ಮಗುವಿಗೆ ಕೇಳದೆ ಕುಡಿಸಬಾರದು. ಸೋಡಿಯಂ ಕಡಿಮೆಯೆಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಸಿಯಮ್ಮೇ ಇರುತ್ತದೆ. ಹಿತ್ತಿಲಲ್ಲಿ ಬೆಳೆಯುವ ಬಿಂಬುಳಿಯ ರಸವನ್ನು ಮದ್ದೆಂದು ಹೆಚ್ಚು ಕುಡಿದ ದೊಡ್ಡವರಿಗೇ ಮೂತ್ರಪಿಂಡ ಕೆಟ್ಟದ್ದನ್ನು ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಅದರಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ. ಸಾರಿಗೆ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ.

ಚಹಾದ ಕಣ್ಣಿನಂತಹ ಮೂತ್ರ

ಮೋರೆ ಬೀಗಿದ್ದೆಲ್ಲ ನೆಫ್ರೋಟಿಕ್ ಅಲ್ಲ. ಐದರಿಂದ ಹನ್ನೆರಡು ವರ್ಷದ ಶಾಲಾ ಮಕ್ಕಳಲ್ಲಿ ಇನ್ನೊಂದು ಬಗೆಯುಂಟು. ಗಂಟಲುನೋವು ಬಂದ ಒಂದೆರಡು ವಾರಗಳಲ್ಲಿ, ಅಥವಾ ಮಳೆಗಾಲದ ಕಜ್ಜಿ ಹುಣ್ಣುಗಳಾದ ಮೂರರಿಂದ ಆರು ವಾರಗಳಲ್ಲಿ, ಮೋರೆ ಸ್ವಲ್ಪ ಬೀಗಿ, ಮೂತ್ರವು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗುತ್ತದೆ; ರಕ್ತದೊತ್ತಡ ಏರುತ್ತದೆ. ಸ್ಟ್ರೆಪ್ಟೋಕಾಕಸ್ ಎಂಬ ಅಣುಜೀವಿಯೊಡನೆ ಶರೀರ ನಡೆಸಿದ ಹೋರಾಟದ ಪರಿಣಾಮವಿದು. ಇದಕ್ಕೆ ಸಾಧಾರಣವಾಗಿ ಸ್ಟೀರಾಯ್ಡ್ ಬೇಕಾಗುವುದಿಲ್ಲ. ಉಪ್ಪು ನೀರುಗಳ ಮಿತಿ, ಒತ್ತಡ ಇಳಿಸುವ ಮದ್ದು, ಕೆಲವು ದಿನಗಳ ನಿಗಾ ಇಷ್ಟರಿಂದಲೇ ಹೆಚ್ಚಿನ ಮಕ್ಕಳು ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ಒತ್ತಡ ಅಳೆಯದೆ ಬಿಟ್ಟರೆ ಸೆಳೆತ ಬರುವ ಭಯವಿದೆ. ಮಕ್ಕಳಿಗೆಂತಹ ರಕ್ತದೊತ್ತಡ ಎಂದು ನಗುವವರು ಇದನ್ನು ಲಕ್ಷ್ಯದಲ್ಲಿಡಬೇಕು. ಕಜ್ಜಿ, ಹುಣ್ಣುಗಳಿಗೆ ಆಗಲೇ ಮದ್ದು ಮಾಡಿಸುವುದು ಒಳ್ಳೆಯ ಮುಂಜಾಗ್ರತೆ.

ಕಾರಣ ತಿಳಿಯದ ಜ್ವರ, ಸಣ್ಣ ಧಾರೆ

ಎರಡು ವರ್ಷದೊಳಗಿನ ಕೂಸಿಗೆ ಕೆಮ್ಮಿಲ್ಲ, ನೆಗಡಿಯಿಲ್ಲ, ಭೇದಿಯಿಲ್ಲ, ಆದರೂ ಜ್ವರ ಬಿಡುವುದಿಲ್ಲ. ಆಗಲೂ ಮೂತ್ರ ಪರೀಕ್ಷೆಯೇ ಮೊದಲು ಆಗಬೇಕಾದುದು. ಮೂತ್ರದ ಸೋಂಕು ಮೇಲೇರಿ ಮೂತ್ರಪಿಂಡವನ್ನು ತಲುಪಿದರೆ ಅಲ್ಲಿ ಮಾಯದ ಗಾಯದ ಕಲೆ ಉಳಿಯಬಹುದು. ಸೋಂಕಿನ ಮದ್ದನ್ನು ಆರಂಭಿಸುವ ಮೊದಲೇ ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ತೆಗೆದಿರಬೇಕು. ಒಂದು ತೊಟ್ಟು ಆಂಟಿಬಯೊಟಿಕ್ ಹೊಟ್ಟೆಗೆ ಹೋದರೂ ಪರೀಕ್ಷೆಯ ಫಲ ನಂಬಲರ್ಹವಾಗುವುದಿಲ್ಲ.

ಗಂಡುಕೂಸಿನ ಮೂತ್ರದ ಧಾರೆಯನ್ನೂ ತಾಯಂದಿರು ಗಮನಿಸಬೇಕು. ಧಾರೆ ಸಣ್ಣದಾಗಿ ಹನಿಹನಿಯಾಗಿ ಬೀಳುತ್ತಿದ್ದರೆ, ಮಗು ತಿಣುಕುತ್ತಿದ್ದರೆ, ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಇರುವ ಒಂದು ತೆಳು ಪರದೆ ದಾರಿಯನ್ನು ಕಟ್ಟಿರಬಹುದು. ದುರ್ಬೀನಿನಂತಹ ಸಣ್ಣ ಕೊಳವೆಯನ್ನು ಒಳಬಿಟ್ಟು ಆ ಪರದೆಯನ್ನು ಕತ್ತರಿಸಿಬಿಡುತ್ತಾರೆ. ತಡವಾದಷ್ಟೂ ಮೂತ್ರ ಹಿಂದಕ್ಕೆ ಒತ್ತಿ ಎರಡೂ ಮೂತ್ರಪಿಂಡಗಳು ನಷ್ಟವಾಗುತ್ತವೆ. ಗರ್ಭಿಣಿಯ ಸ್ಕ್ಯಾನಿನಲ್ಲಿ ಮಗುವಿನ ಮೂತ್ರಪಿಂಡ ಉಬ್ಬಿದೆ ಎಂದು ಬರೆದಿದ್ದರೆ ಹೆರಿಗೆಯ ಸಂಭ್ರಮದಲ್ಲಿ ಆ ಕಾಗದವನ್ನು ಮರೆಯಬಾರದು. ಹುಟ್ಟಿದ ಮೊದಲ ವಾರದಲ್ಲೇ ಕೂಸಿಗೆ ತಿರುಗಿ ಸ್ಕ್ಯಾನ್ ಮಾಡಿಸಬೇಕು.

ಸದ್ದಿಲ್ಲದೆ ಬರುವ ರೋಗ

ಬಾವೂ ಇಲ್ಲದೆ, ನೋವೂ ಇಲ್ಲದೆ ಮೂತ್ರಪಿಂಡ ಸವೆಯುವುದೂ ಉಂಟು. ಓರಗೆಯವರಿಗಿಂತ ಗಿಡ್ಡಾಗಿ ಉಳಿಯುವುದು, ಎಷ್ಟು ಟಾನಿಕ್ ಕೊಟ್ಟರೂ ಹೋಗದ ರಕ್ತಹೀನತೆ, ರಾತ್ರಿಯೆಲ್ಲ ಎದ್ದೆದ್ದು ನೀರು ಕುಡಿಯುವುದು, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು, ಬಾಗಿದ ಕಾಲು, ಇವು ಅದರ ಗುರುತುಗಳಾಗಿರಬಹುದು.

ಇಲ್ಲಿ ಒಂದು ಎಚ್ಚರಿಕೆ. ರಕ್ತದ ಕ್ರಿಯಾಟಿನಿನ್ ವರದಿಯ ಬದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿ ಅನೇಕ ವೇಳೆ ದೊಡ್ಡವರದು. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವುದರಿಂದ ಸಣ್ಣ ಮಕ್ಕಳಲ್ಲಿ ಅದು ತೀರ ಕಡಿಮೆಯಿರಬೇಕು. ತಂದೆಗೆ 1.0 ಎಂಬುದು ಸರಿಯಾದ ಅಂಕಿ. ಮೂರು ವರ್ಷದ ಮಗುವಿಗೆ ಅದೇ 1.0 ಎಂದರೆ ಮೂತ್ರಪಿಂಡದ ಶಕ್ತಿ ಬಹಳ ಕುಗ್ಗಿದೆಯೆಂದರ್ಥ. ಆದುದರಿಂದ ವರದಿಯನ್ನು ನಾವೇ ಓದಿ ಸಮಾಧಾನಪಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಮೂತ್ರಪಿಂಡ ಪೂರ್ತಿ ಸೋತ ಮಕ್ಕಳಿಗೂ ದಾರಿ ಮುಚ್ಚಿಲ್ಲ. ಹೊಟ್ಟೆಯ ಒಳಪೊರೆಯ ಮೂಲಕ ಮನೆಯಲ್ಲೇ ಮಾಡಬಹುದಾದ ಡಯಾಲಿಸಿಸ್ ಒಂದು, ಯಂತ್ರದ ಮೂಲಕ ರಕ್ತ ಶುದ್ಧಿ ಮಾಡುವುದು ಇನ್ನೊಂದು. ಬೆಳೆಯುವ ಮಗುವಿಗೆ ಎಲ್ಲಕ್ಕಿಂತ ಮೇಲಾದುದು ಮೂತ್ರಪಿಂಡದ ಕಸಿ. ನಮ್ಮ ದೇಶದಲ್ಲಿ ಮೊದಲ ಯಶಸ್ವಿ ಕಸಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. 1994ರ ಅಂಗಾಂಗ ಕಸಿ ಕಾನೂನಿನಂತೆ ತಂದೆ ತಾಯಿ ದಾನ ಮಾಡಬಹುದು. 2011ರ ತಿದ್ದುಪಡಿಯ ಮೂಲಕ ಅಜ್ಜ ಅಜ್ಜಿಯರೂ ಹತ್ತಿರದ ಬಂಧುಗಳ ಪಟ್ಟಿಗೆ ಸೇರಿದ್ದಾರೆ. ಮೃತರ ಅಂಗದಾನಕ್ಕೆ ಕೇರಳದಲ್ಲಿ 2012ರಿಂದ ಮೃತಸಂಜೀವನಿ ಯೋಜನೆಯಿದೆ.

ಔಷಧಿಯೇ ವಿಷವಾಗುವ ಪ್ರಸಂಗವನ್ನೂ ಹೇಳದೆ ಬಿಡುವಂತಿಲ್ಲ. 2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಜಿಲ್ಲೆ ಮತ್ತು ಆಸುಪಾಸಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಅಸುನೀಗಿದರು. ಚೀಟಿಯಿಲ್ಲದೆ ಅಂಗಡಿಯಿಂದ ಸಿರಪ್ ತಂದು ಕುಡಿಸುವ ಅಭ್ಯಾಸವನ್ನು ಬಿಡಬೇಕು. ನೋವಿನ ಮಾತ್ರೆಗಳ ವಿಷಯದಲ್ಲೂ ಇದೇ ಜಾಗ್ರತೆ ಬೇಕು. ಭೇದಿಯಾದಾಗ ಓ.ಆರ್.ಎಸ್. ನೀರು ಕೊಟ್ಟು ಮೈಯ ನೀರು ಬತ್ತದಂತೆ ನೋಡಿಕೊಂಡರೆ ಮೂತ್ರಪಿಂಡವನ್ನು ಕಾಪಾಡಿದಂತೆ.

ಗಡಿಯ ಜನ ನಾವು

ನಮ್ಮ ಜಿಲ್ಲೆಯ ಉತ್ತರ ಭಾಗದವರಿಗೆ ದೊಡ್ಡ ಚಿಕಿತ್ಸೆಗೆ ಮಂಗಳೂರೇ ಹತ್ತಿರ. ದಕ್ಷಿಣದವರು ಪರಿಯಾರಕ್ಕೋ ಕೋಯಿಕ್ಕೋಡಿಗೋ ಹೋಗುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನು ನಂಬಿದ್ದ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಕೇರಳ ಹೈಕೋರ್ಟು ಏಪ್ರಿಲ್ 1ರಂದು ಆದೇಶ ಕೊಡಬೇಕಾಯಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದರಿಂದ ಕಲಿಯಬೇಕಾದ ಪಾಠವಿದೆ. ದೀರ್ಘಕಾಲ ಮದ್ದು ಬೇಕಾದ ಮಗುವಿರುವ ಮನೆಯಲ್ಲಿ ಎರಡು ವಾರಕ್ಕೆ ಸಾಲುವ ಮಾತ್ರೆ ಯಾವಾಗಲೂ ಕೈಯಲ್ಲಿರಬೇಕು. ಚೀಟಿ, ವರದಿಗಳೆಲ್ಲ ಒಂದೇ ಕಡತದಲ್ಲಿರಬೇಕು. ಗಡಿಯಾಚೆಯ ತಜ್ಞರು ಹೇಳಿದ್ದು ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೂ ತಿಳಿದಿರಬೇಕು. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡು ಗಡಿಯಾಚೆ ನಡೆಯುವುದೋ ಎಂದು ಹೊರಡುವ ಮೊದಲೇ ವಿಚಾರಿಸಬೇಕು.

ಭಾಷೆಯ ವಿಷಯದಲ್ಲಿ ನಾಚಿಕೆ ಸಲ್ಲದು. ಮದ್ದು ಎಷ್ಟು, ಯಾವಾಗ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗೆ ತಿಳಿಯುವ ಭಾಷೆಯಲ್ಲಿ ಉತ್ತರ ಸಿಗುವ ತನಕ ಚೀಟಿ ಹಿಡಿದು ಹೊರಬರಬಾರದು. ವಾರ್ಡಿನಲ್ಲಿ ಕನ್ನಡ ಬಲ್ಲವರೊಬ್ಬರು ಸಿಕ್ಕಿಯೇ ಸಿಗುತ್ತಾರೆ. ಆಶಾ ಕಾರ್ಯಕರ್ತೆಯರಿದ್ದಾರೆ, ಚೀಟಿ ತಂದರೆ ಓದಿ ಹೇಳಲು ಊರಿನ ಶಾಲೆಯ ಶಿಕ್ಷಕರಿದ್ದೇವೆ.

ಶಾಲೆಯ ಪಾಲು

ಕೊನೆಯದಾಗಿ ನಮ್ಮ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಮಾತ್ರೆಯಿಂದ ಮೋರೆ ದುಂಡಗಾದ ಮಗುವನ್ನು ತರಗತಿಯಲ್ಲಿ ಯಾರೂ ಗೇಲಿ ಮಾಡದಂತೆ ನೋಡಿಕೊಳ್ಳೋಣ. ಮೂತ್ರಕ್ಕೆ ಹೋಗಲು ಕೈ ಎತ್ತಿದ ಮಗುವನ್ನು ಗಂಟೆ ಬಾರಿಸುವ ತನಕ ಕೂರಿಸುವುದು ಬೇಡ. ತಡೆದು ಹಿಡಿಯುವುದರಿಂದ ಸೋಂಕಿಗೆ ಅವಕಾಶವಾಗುತ್ತದೆ. ಶಾಲೆಯ ಶೌಚಾಲಯ ಕೊಳಕಾಗಿದೆಯೆಂದು ಬೆಳಗ್ಗಿನಿಂದ ಸಂಜೆಯ ತನಕ ನೀರೇ ಕುಡಿಯದ ಹುಡುಗಿಯರು ಎಷ್ಟು ಮಂದಿ ಇದ್ದಾರೆಂದು ಶಿಕ್ಷಕಿಯರು ಬಲ್ಲರು. ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಕಟ್ಟಡದ ಮಾತಿಗೆ ಮೊದಲು ಶೌಚಾಲಯದ ನೀರಿನ ಮಾತು ಬರಲಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಮಕ್ಕಳ ತಪಾಸಣೆಗೆ ಶಾಲೆಗೆ ಬರುವ ತಂಡದವರಿಗೆ, ನಮಗೆ ಸಂಶಯವಿರುವ ಮಗುವನ್ನು ನಾವೇ ಮುಂದಾಗಿ ತೋರಿಸಬೇಕು.

ರೋಗದ ಹೆಸರು ಉದ್ದವಾದದ್ದು, ಮದ್ದಿನ ಹೆಸರು ನಾಲಿಗೆಗೆ ನಿಲುಕದ್ದು. ಆದರೆ ಮಾಡಬೇಕಾದುದು ಸುಲಭ. ನಾಳೆ ಬೆಳಗ್ಗೆ ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಮಗುವಿನ ಕಣ್ಣರೆಪ್ಪೆ ಬೀಗಿದ್ದು ಕಂಡರೆ, ಸೊಳ್ಳೆಯನ್ನು ಬೈಯುವ ಮೊದಲು ಒಂದು ಶುಚಿಯಾದ ಬಾಟಲಿ ಹುಡುಕಿರಿ.